ವಿದೇಶದಿಂದ ಬರುವ ಮದುವೆಯ ಅತಿಥಿಗಳು: ಆತಿಥೇಯ ಕುಟುಂಬದ ಹೊಣೆ ಮತ್ತು ಪ್ರವಾಸದ ಸಿದ್ಧತೆ

ಮೈಸೂರು ಭಾಗದ ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮಕ್ಕಳು ವಿದ್ಯಾಭ್ಯಾಸಕ್ಕೂ ಉದ್ಯೋಗಕ್ಕೂ ಹೊರದೇಶಗಳಿಗೆ ತೆರಳುವುದು ಸಾಮಾನ್ಯವಾದ ಮೇಲೆ, ಇಲ್ಲಿನ ಕಲ್ಯಾಣ ಮಂಟಪಗಳಲ್ಲಿ ಬಾಳೆ ಎಲೆಯ ಮುಂದೆ ಕುಳಿತುಕೊಳ್ಳುವ ಪರದೇಶದವರನ್ನು ಕಂಡು ಯಾರೂ ಅಚ್ಚರಿಪಡುವುದಿಲ್ಲ. ವರನ ಸಹೋದ್ಯೋಗಿಗಳು, ವಧುವಿನ ಸಹಪಾಠಿಗಳು, ಕೆಲವೊಮ್ಮೆ ತಂದೆಯವರಿಂದ ವರ್ಷಗಳಿಂದ ಸರಕು ಕೊಳ್ಳುತ್ತಿರುವ ವಿದೇಶೀ ಗ್ರಾಹಕರು ಸಹ ಆಹ್ವಾನವನ್ನು ಮನ್ನಿಸಿ ಬರುತ್ತಾರೆ. ಲಗ್ನಪತ್ರಿಕೆ ಕಳುಹಿಸಿ, ಕೊಠಡಿ ಕಾದಿರಿಸಿದರೆ ಕರ್ತವ್ಯ ಮುಗಿಯಿತೆಂದು ಭಾವಿಸುವ ಕುಟುಂಬಗಳೇ ಹೆಚ್ಚು. ಆದರೆ ಇಂತಹ ಅತಿಥಿಯು ಏಕಕಾಲಕ್ಕೆ ಮೂರು ಪಾತ್ರಗಳಲ್ಲಿರುತ್ತಾನೆ: ಮನೆಗೆ ನೆಂಟ, ಊರಿಗೆ ಪ್ರವಾಸಿ, ಕಾನೂನಿಗೆ ವಿದೇಶೀ ಪ್ರಜೆ. ಮೊದಲನೆಯದನ್ನು ನಮ್ಮವರು ಚೆನ್ನಾಗಿ ಬಲ್ಲರು. ತೊಂದರೆಗಳು ಹುಟ್ಟುವುದು ಉಳಿದೆರಡರಲ್ಲಿ, ಅದರಲ್ಲಿಯೂ ಮೂರನೆಯದರಲ್ಲಿ.

ವಿಷಯ ಸ್ಪಷ್ಟವಾಗಲೆಂದು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಮೈಸೂರಿನ ಅಗರಬತ್ತಿ ತಯಾರಕರೊಬ್ಬರ ಮಗಳ ವಿವಾಹ. ಲಂಡನ್ನಿನಿಂದ ಆರು ಮಂದಿ, ನ್ಯೂಜೆರ್ಸಿಯಿಂದ ನಾಲ್ವರು, ನೈರೋಬಿಯಿಂದ ಅಗರಬತ್ತಿಯ ಆಮದುದಾರರು ಮತ್ತು ಅವರ ಪತ್ನಿ, ಒಟ್ಟು ಹನ್ನೆರಡು ಮಂದಿ ಬರುವವರಿದ್ದಾರೆ. ಮುಹೂರ್ತ ಬೆಳಗಿನ 6.30ಕ್ಕೆ.

ದಿನ ಗೊತ್ತುಮಾಡುವಾಗ

ವಿದೇಶದ ನೌಕರರಿಗೆ ದೀರ್ಘ ರಜೆ ಸುಲಭವಾಗಿ ದೊರೆಯುವುದು ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ. ನಮ್ಮಲ್ಲಿ ಡಿಸೆಂಬರ್ ಮಧ್ಯಭಾಗದಿಂದ ಸಂಕ್ರಾಂತಿಯವರೆಗೆ ಧನುರ್ಮಾಸವಾದುದರಿಂದ ಬಹುತೇಕ ಮನೆತನಗಳು ಮದುವೆ ಮಾಡುವುದಿಲ್ಲ. ಆಷಾಢ ಮತ್ತು ಪಿತೃಪಕ್ಷಗಳೂ ಹಾಗೆಯೇ. ಹೀಗಾಗಿ ಅತಿಥಿಗಳ ಬಿಡುವು ಮತ್ತು ಪಂಚಾಂಗದ ಮುಹೂರ್ತ ಒಂದಕ್ಕೊಂದು ಹೊಂದುವುದೇ ಕಡಿಮೆ. ನವೆಂಬರ್ ಕೊನೆ, ಡಿಸೆಂಬರ್ ಮೊದಲ ಹತ್ತು ದಿನಗಳು ಅಥವಾ ಜನವರಿ ಕೊನೆಯಿಂದ ಫೆಬ್ರವರಿ ಅಂತ್ಯದವರೆಗಿನ ಮುಹೂರ್ತಗಳು ಹವಾಮಾನದ ದೃಷ್ಟಿಯಿಂದಲೂ ಉತ್ತಮ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮದುವೆ ಅನಿವಾರ್ಯವಾದರೆ ಅತಿಥಿಗಳ ಪ್ರವಾಸದ ಪಟ್ಟಿಯಿಂದ ಹಂಪೆಯನ್ನು ತೆಗೆದು ಕೊಡಗನ್ನು ಸೇರಿಸುವುದು ಲೇಸು. ಬಂಡೆಗಳ ನಡುವಿನ ಹಂಪೆಯ ಬೇಸಿಗೆಯನ್ನು ಇಂಗ್ಲೆಂಡಿನವರು ತಡೆದುಕೊಳ್ಳಲಾರರು. ದಸರಾ ದಿನಗಳಿಗೆ ಹತ್ತಿರದ ಮುಹೂರ್ತವು ಅತಿಥಿಗಳಿಗೆ ಆಕರ್ಷಕವಾಗಿ ಕಂಡರೂ ಆಗ ಕೊಠಡಿಗಳ ಬಾಡಿಗೆ ಏರಿರುತ್ತದೆ, ವಾಹನಗಳು ಸಿಗುವುದು ದುಸ್ತರ.

ದಿನ ನಿಶ್ಚಯವಾದೊಡನೆ, ಪತ್ರಿಕೆ ಅಚ್ಚಾಗುವುದಕ್ಕೂ ಮೊದಲೇ, ವಿದೇಶದವರಿಗೆ ತಿಳಿಸತಕ್ಕದ್ದು. ಮುಹೂರ್ತದ ಗಳಿಗೆಯನ್ನೂ ಬಿಡಿಸಿ ಹೇಳಬೇಕು. ಚಳಿಗಾಲದಲ್ಲಿ ನಮ್ಮ ಬೆಳಗಿನ 6.30 ಎಂದರೆ ಲಂಡನ್ನಿನಲ್ಲಿ ನಡುರಾತ್ರಿ ಕಳೆದು 1 ಗಂಟೆ, ನೈರೋಬಿಯಲ್ಲಿ ನಸುಕಿನ 4 ಗಂಟೆ, ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ 8 ಗಂಟೆ. ಮುನ್ನಾದಿನ ಬಂದಿಳಿದ ಅಮೆರಿಕದ ಅತಿಥಿ ಧಾರೆಯ ಹೊತ್ತಿಗೆ ಕುರ್ಚಿಯಲ್ಲಿಯೇ ತೂಕಡಿಸಿದರೆ ಅದು ಅವನ ತಪ್ಪಲ್ಲ. ಕನಿಷ್ಠ ಮೂರು ದಿನ ಮುಂಚಿತವಾಗಿ ಬರುವಂತೆ ಅಮೆರಿಕದವರಿಗೂ, ಎರಡು ದಿನ ಮುಂಚಿತವಾಗಿ ಬರುವಂತೆ ಯೂರೋಪಿನವರಿಗೂ ಸೂಚಿಸುವುದು ಯುಕ್ತ. ಹೆಣ್ಣುಮಕ್ಕಳು ಸೀರೆ ಉಡಬಯಸಿದರೆ ರವಿಕೆ ಹೊಲಿಯುವ ದರ್ಜಿಗೂ ಅಷ್ಟು ದಿನ ಬೇಕೇ ಬೇಕು.

ವೀಸಾ: ನೆಂಟನೋ, ಗ್ರಾಹಕನೋ?

ಭಾರತ ಸರ್ಕಾರವು 2014ರ ನವೆಂಬರ್‌ನಲ್ಲಿ ಆರಂಭಿಸಿದ ವಿದ್ಯುನ್ಮಾನ ಅನುಮತಿಯ ವ್ಯವಸ್ಥೆಯೇ ಬೆಳೆದು ಇಂದಿನ ಇ-ವೀಸಾ ಆಗಿದೆ. ಬಂಧುಮಿತ್ರರನ್ನು ಕಾಣುವುದು, ಸ್ಥಳ ವೀಕ್ಷಣೆ ಇವೆರಡೂ ಪ್ರವಾಸಿ ಇ-ವೀಸಾದ ಉದ್ದೇಶಗಳೊಳಗೆ ಸೇರುವುದರಿಂದ ಮದುವೆಗೆ ಬರುವವರಿಗೆ ಅದು ಸಾಕು. 30 ದಿನ, ಒಂದು ವರ್ಷ, ಐದು ವರ್ಷ ಎಂಬ ಮೂರು ಅವಧಿಗಳಿವೆ. ಇವುಗಳಲ್ಲಿ 30 ದಿನದ ವೀಸಾಕ್ಕೆ ಬಹಳ ಮುಂಚಿತವಾಗಿ ಅರ್ಜಿ ಸಲ್ಲಿಸಲು ಬಾರದು. ಬರುವ ದಿನಕ್ಕೆ 30 ದಿನಗಳೊಳಗಿನ ಅರ್ಜಿಯಷ್ಟೇ ಸ್ವೀಕೃತವಾಗುತ್ತದೆ. ದೀರ್ಘ ಅವಧಿಯವಕ್ಕೆ 120 ದಿನ ಮೊದಲೇ ಅರ್ಜಿ ಹಾಕಬಹುದು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಮತ್ತು ಎರಡು ಖಾಲಿ ಪುಟಗಳು ಉಳಿದಿರಬೇಕು. ಸರ್ಕಾರದ ಜಾಲತಾಣದ ಹೆಸರು ‘ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಅದನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚಿನ ಹಣ ಕಿತ್ತುಕೊಳ್ಳುವುದರಿಂದ ಸರಿಯಾದ ವಿಳಾಸವನ್ನು ಆಹ್ವಾನದೊಡನೆಯೇ ಬರೆದು ಕಳುಹಿಸಬೇಕು.

ಎರಡು ಸಂಗತಿಗಳನ್ನು ಮೊದಲೇ ವಿಚಾರಿಸಬೇಕು. ಅತಿಥಿಯು ಬ್ರಿಟಿಷ್ ಅಥವಾ ಅಮೆರಿಕನ್ ಪ್ರಜೆಯಾಗಿದ್ದರೂ ಅವನ ಮೂಲ ಪಾಕಿಸ್ತಾನದ್ದಾಗಿದ್ದರೆ ಇ-ವೀಸಾ ದೊರೆಯುವುದಿಲ್ಲ. ದೂತಾವಾಸದ ಮೂಲಕ ಸಾಮಾನ್ಯ ವೀಸಾ ಪಡೆಯಬೇಕು, ಅದಕ್ಕೆ ಬಹಳ ಕಾಲ ಹಿಡಿಯುತ್ತದೆ. ಲಂಡನ್ನಿನ ಗೆಳೆಯರ ಗುಂಪಿನಲ್ಲಿ ಅಂಥವರೊಬ್ಬರಿರುವುದು ಅಸಂಭವವೇನಲ್ಲ. ಕೇಳಲು ಸಂಕೋಚಪಟ್ಟು ಸುಮ್ಮನಿದ್ದರೆ ಕೊನೆಯ ವಾರದಲ್ಲಿ ಅವರು ಬರಲಾಗದೆ ನೊಂದುಕೊಳ್ಳುತ್ತಾರೆ. ಎರಡನೆಯದು ಹಳದಿ ಜ್ವರದ ಲಸಿಕೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಂದ ಬರುವವರು ಅಥವಾ ಅವುಗಳ ಮೂಲಕ ಹಾದು ಬರುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಲಸಿಕೆ ಹಾಕಿಸಿಕೊಂಡು ಹತ್ತು ದಿನಗಳಾದ ಮೇಲಷ್ಟೇ ಅದಕ್ಕೆ ಮಾನ್ಯತೆ. ಪತ್ರವಿಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ಅವಕಾಶವಿದೆ. ಕೀನ್ಯ ಆ ಪಟ್ಟಿಯಲ್ಲಿರುವುದರಿಂದ ನಿದರ್ಶನದ ನೈರೋಬಿ ದಂಪತಿಗಳು ಮದುವೆಯನ್ನು ವಿಮಾನ ನಿಲ್ದಾಣದ ಆರೋಗ್ಯ ಕೇಂದ್ರದಲ್ಲಿಯೇ ಕಳೆದಾರು.

ಆ ದಂಪತಿಗಳ ಪ್ರಶ್ನೆ ಇನ್ನೂ ಒಂದಿದೆ, ಅದು ಈ ಪತ್ರಿಕೆಯ ಓದುಗರಿಗೆ ನೇರವಾಗಿ ಸಂಬಂಧಿಸಿದ್ದು. ಮದುವೆ ಮುಗಿದ ಮರುದಿನ ‘ಹೇಗೂ ಬಂದಿದ್ದೀರಿ, ಕಾರ್ಖಾನೆ ನೋಡಿಕೊಂಡು ಹೋಗಿ’ ಎಂದು ಕರೆದೊಯ್ದು, ಮುಂದಿನ ವರ್ಷದ ದರ, ಪ್ಯಾಕಿಂಗು, ಬೇಡಿಕೆಗಳನ್ನು ಕುಳಿತು ತೀರ್ಮಾನಿಸುವುದು ನಮ್ಮಲ್ಲಿ ಸಹಜ. ಆದರೆ ಖರೀದಿ, ಮಾರಾಟ, ವ್ಯವಹಾರದ ಮಾತುಕತೆಗೆ ಪ್ರತ್ಯೇಕ ಇ-ವ್ಯವಹಾರ ವೀಸಾ ಇದೆ. ಅಂತಹ ಉದ್ದೇಶವಿದ್ದಲ್ಲಿ ಆಮದುದಾರರು ಅದನ್ನೇ ಪಡೆಯುವುದು ಕ್ರಮಬದ್ಧ. ಇದಕ್ಕೆ ಇಲ್ಲಿನ ಸಂಸ್ಥೆಯು ತನ್ನ ಲೆಟರ್‌ಹೆಡ್‌ನಲ್ಲಿ ಆಹ್ವಾನ ಪತ್ರವೊಂದನ್ನು ಕೊಡಬೇಕು; ಮದುವೆಯ ಕರೆಯೋಲೆ ಆ ಕೆಲಸಕ್ಕೆ ಬಾರದು. ವ್ಯವಹಾರ ವೀಸಾದಲ್ಲಿ ಬಂದವರು ಮದುವೆಗೆ ಹೋಗಬಾರದೆಂದೇನೂ ಇಲ್ಲ. ಒಂದು ಪತ್ರದ ಶ್ರಮವನ್ನು ಉಳಿಸಲು ಹೋಗಿ ಹಳೆಯ ಗ್ರಾಹಕನನ್ನು ವಲಸೆ ಅಧಿಕಾರಿಗಳ ಪ್ರಶ್ನೆಗೆ ಒಡ್ಡುವುದು ಲಾಭದ ವ್ಯಾಪಾರವಲ್ಲ.

2025ರ ಅಕ್ಟೋಬರ್ 1ರಿಂದ ವಿದೇಶೀಯರು ವಿಮಾನದಲ್ಲಿ ತುಂಬುತ್ತಿದ್ದ ಕಾಗದದ ಆಗಮನ ಚೀಟಿಯ ಬದಲು ಇ-ಆಗಮನ ಚೀಟಿ ಬಂದಿದೆ. ಆಗಮನಕ್ಕೆ ಮುಂಚಿನ 72 ಗಂಟೆಗಳಲ್ಲಿ ಅದನ್ನು ಅಂತರಜಾಲದಲ್ಲಿ ತುಂಬಬೇಕು, ಶುಲ್ಕವಿಲ್ಲ. ಉಳಿಯುವ ವಿಳಾಸ ಮತ್ತು ಸ್ಥಳೀಯ ದೂರವಾಣಿ ಸಂಖ್ಯೆಯನ್ನು ಅತಿಥಿಗಳಿಗೆ ಮೊದಲೇ ಕೊಟ್ಟಿರುವುದು ಅಗತ್ಯ.

ಸಾಮಾನಿನಲ್ಲಿ ಬರಕೂಡದ ವಸ್ತುಗಳು ಕೆಲವಿವೆ. ಇ-ಸಿಗರೇಟು ಭಾರತದಲ್ಲಿ 2019ರಿಂದ ನಿಷಿದ್ಧ. ಉಪಗ್ರಹ ದೂರವಾಣಿ, ಹಾಗೂ ಚಾರಣಿಗರು ಕೊಂಡೊಯ್ಯುವ ಗಾರ್ಮಿನ್ ಇನ್‌ರೀಚ್‌ನಂತಹ ಉಪಗ್ರಹ ಸಂದೇಶ ಸಾಧನಗಳನ್ನು ಅನುಮತಿಯಿಲ್ಲದೆ ತಂದ ವಿದೇಶೀಯರು ಬಂಧನಕ್ಕೊಳಗಾದದ್ದುಂಟು. ಮದುವೆಯ ಚಿತ್ರ ತೆಗೆಯಲು ಡ್ರೋನ್ ತರುತ್ತೇನೆನ್ನುವ ಉತ್ಸಾಹಿ ಗೆಳೆಯನನ್ನು ತಡೆಯಬೇಕು. ಸಿದ್ಧ ಡ್ರೋನ್‌ಗಳ ಆಮದನ್ನು 2022ರ ಫೆಬ್ರವರಿಯಲ್ಲಿ ನಿಷೇಧಿಸಲಾಗಿದೆ. ಊರಿನಲ್ಲಿಯೇ ಅನುಮತಿಯುಳ್ಳ ಛಾಯಾಗ್ರಾಹಕರಿದ್ದಾರೆ.

ಆಗಮನದ ರಾತ್ರಿ ಮತ್ತು ದಿನಾಂಕದ ಗೊಂದಲ

ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ವಿದೇಶದಿಂದ ನೇರ ವಿಮಾನವಿಲ್ಲ. ಅತಿಥಿಗಳು ಇಳಿಯುವುದು ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಮೈಸೂರಿಗೆ ಬೆಂಗಳೂರು ನಗರವನ್ನು ದಾಟಿ ಸುಮಾರು 185 ಕಿ.ಮೀ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ಬೆಂಗಳೂರು-ಮೈಸೂರು ನಡುವಿನ ಪಯಣ ಹಗುರವಾಗಿದೆಯಾದರೂ ವಿಮಾನ ನಿಲ್ದಾಣದಿಂದ ಕೆಂಗೇರಿ ತಲಪುವುದೇ ಹಗಲಿನಲ್ಲಿ ಅರ್ಧ ಪ್ರಯಾಣದಷ್ಟಾಗುತ್ತದೆ. ಕೆ.ಎಸ್.ಆರ್.ಟಿ.ಸಿ.ಯ ಫ್ಲೈಬಸ್ ನಿಲ್ದಾಣದಿಂದಲೇ ಮೈಸೂರಿಗೆ ನೇರವಾಗಿ ಬರುತ್ತದೆ. ಒಬ್ಬಿಬ್ಬರು ಅತಿಥಿಗಳಿಗೆ ಅದಕ್ಕಿಂತ ಸುಲಭವಾದುದಿಲ್ಲ.

ವಿದೇಶದ ಬಹಳಷ್ಟು ವಿಮಾನಗಳು ನಡುರಾತ್ರಿಯ ನಂತರ ಇಳಿಯುತ್ತವೆ. ಇಲ್ಲಿ ಒಂದು ಲೆಕ್ಕ ತಪ್ಪುವುದು ಸಾಮಾನ್ಯ. 15ನೇ ತಾರೀಖು ರಾತ್ರಿ 1.30ಕ್ಕೆ ಬಂದಿಳಿಯುವವರಿಗೆ ಕೊಠಡಿ ಬೇಕಾಗಿರುವುದು 14ನೇ ತಾರೀಖಿನ ರಾತ್ರಿಗೆ. ವಾಹನವೂ 14ರ ರಾತ್ರಿಯೇ ಹೊರಡಬೇಕು. ಪಟ್ಟಿಯಲ್ಲಿ ‘15’ ಎಂದು ಓದಿ ಚಾಲಕನನ್ನು ಮರುದಿನ ಕಳುಹಿಸಿದರೆ, ಗೊತ್ತಿಲ್ಲದ ದೇಶದಲ್ಲಿ ಹಸುಗೂಸಿನೊಡನೆ ಬಂದ ದಂಪತಿಗಳು ಹೊರಗೆ ಕಾಯುತ್ತ ಕುಳಿತಿರುತ್ತಾರೆ. ಆದುದರಿಂದ ಆಗಮನದ ಪಟ್ಟಿಯಲ್ಲಿ ತಾರೀಖಿನ ಪಕ್ಕದಲ್ಲಿ ‘14 ಶನಿವಾರ ರಾತ್ರಿ ಕಳೆದು’ ಎಂಬಂತೆ ವಾರವನ್ನೂ ಬರೆಯುವುದು ಒಳ್ಳೆಯ ಪದ್ಧತಿ. ಈ ಇಡೀ ಪಟ್ಟಿಯ ಹೊಣೆಯನ್ನು ವಧುವಿನ ತಂದೆಯೇ ಹೊರದೆ, ಮನೆಯ ಒಬ್ಬ ಯುವಕನಿಗೋ ಯುವತಿಗೋ ವಹಿಸತಕ್ಕದ್ದು. ಮದುವೆಯ ಮನೆಯಲ್ಲಿ ಹತ್ತು ಮಂದಿಗೆ ಹಂಚಿದ ಕೆಲಸ ಯಾರ ಕೆಲಸವೂ ಆಗಿರುವುದಿಲ್ಲ.

ಬಾಡಿಗೆ ವಾಹನವು ಹಳದಿ ಫಲಕದ್ದೇ ಆಗಿರಬೇಕು. ಪರಿಚಯಸ್ಥರ ಬಿಳಿ ಫಲಕದ ಕಾರನ್ನು ಬಾಡಿಗೆ ಕೊಟ್ಟು ಓಡಿಸಿದರೆ, ಅಪಘಾತವಾದ ಪಕ್ಷದಲ್ಲಿ ವಿಮಾ ಕಂಪನಿಯು ಪರಿಹಾರವನ್ನು ನಿರಾಕರಿಸಲು ಅದೊಂದೇ ಕಾರಣ ಸಾಕು. ಹೊರ ಊರಿನ ಬಾಡಿಗೆಗೆ ದಿನಕ್ಕೆ ಇಷ್ಟು ಕಿಲೋಮೀಟರು ಕನಿಷ್ಠ, ಜೊತೆಗೆ ಚಾಲಕನ ಬಾಟಾ, ಟೋಲು ಬೇರೆ ಎಂಬ ನಮ್ಮ ಕ್ರಮ ವಿದೇಶೀಯರಿಗೆ ತಿಳಿಯದು. ಕರಾರನ್ನು ಆತಿಥೇಯರೇ ಬರೆಸಿಕೊಂಡು ಅವರಿಗೆ ವಿವರಿಸಿದರೆ ಕೊನೆಯ ದಿನದ ಜಗಳ ತಪ್ಪುತ್ತದೆ.

ಇಪ್ಪತ್ತನಾಲ್ಕು ಗಂಟೆಗಳ ನಿಯಮ

ವಿದೇಶೀ ಪ್ರಜೆಗೆ ವಸತಿ ಕೊಟ್ಟವರು ಅವನು ಬಂದ 24 ಗಂಟೆಗಳೊಳಗೆ ನೋಂದಣಾಧಿಕಾರಿಗೆ ವಿವರ ಸಲ್ಲಿಸಬೇಕು. ದಶಕಗಳಿಂದ ‘ಸಿ ಫಾರ್ಮ್’ ಎಂದೇ ಹೆಸರಾದ ಈ ನಿಯಮ ಹೋಟೆಲುಗಳಿಗೆ ಮಾತ್ರವೆಂಬುದು ತಪ್ಪು ಗ್ರಹಿಕೆ. ಹಿಂದಿನ 1946ರ ವಿದೇಶೀಯರ ಕಾಯಿದೆಯೂ ಸೇರಿದಂತೆ ನಾಲ್ಕು ಕಾಯಿದೆಗಳ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಕಾಯಿದೆ, 2025 ಜಾರಿಯಲ್ಲಿದೆ. ವಿವರ ಸಲ್ಲಿಸುವ ಹೊಣೆ ಅದರಲ್ಲಿಯೂ ಮುಂದುವರಿದಿದೆ. ನೆಂಟರನ್ನು ಮನೆಯ ಮಹಡಿಯ ಕೋಣೆಯಲ್ಲಿ ಇಳಿಸಿಕೊಂಡ ಗೃಹಸ್ಥನಿಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿ, ಇತರೆಡೆಗಳಲ್ಲಿ ಪೊಲೀಸ್ ಇಲಾಖೆಯ ಸಂಬಂಧಿಸಿದ ಅಧಿಕಾರಿ ಇದನ್ನು ನೋಡಿಕೊಳ್ಳುತ್ತಾರೆ. ಅಂತರಜಾಲದಲ್ಲಿಯೇ ಮನೆಯ ಹೆಸರಿನಲ್ಲಿ ನೋಂದಾಯಿಸಿಕೊಂಡು ಪಾಸ್‌ಪೋರ್ಟ್ ಮತ್ತು ವೀಸಾದ ವಿವರ ತುಂಬಬಹುದು. ಒಸಿಐ ಕಾರ್ಡು ಹೊಂದಿದ ನಮ್ಮವರೇ ಆದ ಅಣ್ಣ-ತಮ್ಮಂದಿರೂ ವಿದೇಶೀ ಪಾಸ್‌ಪೋರ್ಟಿನವರು. ಅವರ ವಿವರವನ್ನೂ ಸಲ್ಲಿಸಿಬಿಡುವುದು ಕ್ಷೇಮ.

ನಿಜವಾದ ತೊಡಕು ಇರುವುದು ಕಲ್ಯಾಣ ಮಂಟಪಗಳ ಕೊಠಡಿಗಳಲ್ಲಿ. ಮಂಟಪದ ಬಾಡಿಗೆಯೊಡನೆ ಬರುವ ಹತ್ತು ಹದಿನೈದು ಕೊಠಡಿಗಳಲ್ಲಿ ವರನ ಕಡೆಯವರೊಡನೆ ವಿದೇಶೀ ಗೆಳೆಯರನ್ನೂ ಇಳಿಸಿಬಿಡುವುದುಂಟು. ಮಂಟಪದ ವ್ಯವಸ್ಥಾಪಕನಿಗೆ ಈ ನಿಯಮದ ಪರಿಚಯವೇ ಇರುವುದಿಲ್ಲ, ಕುಟುಂಬದವರು ಅದು ಮಂಟಪದವರ ಕೆಲಸವೆಂದುಕೊಳ್ಳುತ್ತಾರೆ, ವಿವರ ಎಲ್ಲಿಯೂ ದಾಖಲಾಗುವುದಿಲ್ಲ. ಮುಂದೆ ಅತಿಥಿಯ ಪಾಸ್‌ಪೋರ್ಟು ಕಳೆದುಹೋಗಿ ಅವನು ನಿರ್ಗಮನ ಪರವಾನಗಿಗೆ ಅರ್ಜಿ ಹಾಕಿದಾಗ, ಇಷ್ಟು ದಿನ ಎಲ್ಲಿದ್ದಿರೆಂಬ ಪ್ರಶ್ನೆಗೆ ಉತ್ತರಿಸುವ ಕಾಗದವಿರುವುದಿಲ್ಲ. ಕೆಲವು ಸಣ್ಣ ವಸತಿಗೃಹಗಳು ವಿದೇಶೀಯರಿಗೆ ಕೊಠಡಿ ನಿರಾಕರಿಸುವುದಕ್ಕೂ ಈ ನೋಂದಣಿ ಮಾಡಿಸಿಕೊಂಡಿಲ್ಲದಿರುವುದೇ ಕಾರಣ. ಮುಂಗಡ ಕೊಡುವ ಮೊದಲು ‘ವಿದೇಶೀಯರ ನೋಂದಣಿ ಇದೆಯೇ’ ಎಂದು ಕೇಳತಕ್ಕದ್ದು. ಸ್ವಂತ ಅತಿಥಿಗೃಹವುಳ್ಳ ಉದ್ಯಮಿಗಳೂ ಇದನ್ನು ಗಮನಿಸಬೇಕು.

ಏನನ್ನು ತೋರಿಸುವುದು?

ಮದುವೆಗೆ ಮುಂಚಿನ ದಿನಗಳಲ್ಲಿ ದೂರದ ಪ್ರಯಾಣ ಬೇಡ. ಅರಮನೆ, ದೇವರಾಜ ಮಾರುಕಟ್ಟೆ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಇವಿಷ್ಟೇ ಎರಡು ದಿನಗಳಿಗೆ ಧಾರಾಳ.

ಮದುವೆಗೆ ಬಂದವರಿಗೆ ಅರಮನೆಯನ್ನು ತೋರಿಸುವಾಗ ಹೇಳಲೇಬೇಕಾದ ಕಥೆಯೊಂದಿದೆ. ಈಗಿನ ಅರಮನೆ ಹುಟ್ಟಿದ್ದೇ ಒಂದು ಮದುವೆಯ ಅವಘಡದಿಂದ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಕಟ್ಟಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಕಲ್ಯಾಣ ಮಂಟಪದ ಎರಕದ ಕಂಬಗಳೂ ನವಿಲಿನ ಚಿತ್ತಾರವುಳ್ಳ ಬಣ್ಣದ ಗಾಜಿನ ಚಾವಣಿಯೂ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ತಯಾರಾದವು. ಬ್ರಿಟನ್ನಿನ ಅತಿಥಿಗಳು ಇದನ್ನು ಕೇಳಿ ತಲೆಯೆತ್ತಿ ನೋಡದೆ ಇರರು. ಭಾನುವಾರ ಹಾಗೂ ಸಾರ್ವಜನಿಕ ರಜಾದಿನಗಳ ಸಂಜೆ ಸುಮಾರು ಒಂದು ಲಕ್ಷ ದೀಪಗಳು ಬೆಳಗುವುದರಿಂದ, ಅತಿಥಿಗಳ ವಾಸ್ತವ್ಯದಲ್ಲಿ ಒಂದು ಭಾನುವಾರ ಸೇರುವಂತೆ ನೋಡಿಕೊಳ್ಳಬೇಕು. ಮೃಗಾಲಯಕ್ಕೆ ಮಂಗಳವಾರ ರಜೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಗಳ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ. ಲಂಡನ್ನಿನವರು ತಮ್ಮೂರಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಕಂಡಿರಬಹುದಾದ ಟಿಪ್ಪುವಿನ ಹುಲಿಯ ಯಂತ್ರ ಹೋದದ್ದು ಇದೇ ಊರಿನಿಂದ.

ಮದುವೆಯ ನಂತರ ಎರಡು ದಿನಗಳಿದ್ದವರಿಗೆ ಹಾಸನದ ಸುತ್ತಾಟವೇ ಶ್ರೇಷ್ಠ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ವಿದೇಶೀಯರು ಅವುಗಳ ಹೆಸರು ಹಿಡಿದೇ ಕೇಳುತ್ತಾರೆ. ಮೊದಲ ದಿನ ಬೆಳಿಗ್ಗೆ ಶ್ರವಣಬೆಳಗೊಳ, ರಾತ್ರಿ ಹಾಸನ, ಮರುದಿನ ಹಳೇಬೀಡು ಮತ್ತು ಬೇಲೂರು, ಅಲ್ಲಿಂದ ಹಿಂದಿರುಗುವುದು. ಶ್ರವಣಬೆಳಗೊಳದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕಾದುದರಿಂದ ಬಿಸಿಲೇರುವ ಮೊದಲೇ ಹತ್ತುವುದು ಮತ್ತು ದಪ್ಪ ಕಾಲುಚೀಲ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಬಂಡೆ ಕಾದರೆ ಬರಿಗಾಲಿನ ಅಭ್ಯಾಸವಿಲ್ಲದವರ ಅಂಗಾಲು ಬೊಕ್ಕೆಯೇಳುತ್ತದೆ. ಮೈಸೂರಿನಿಂದ ಸುಮಾರು 35 ಕಿ.ಮೀ. ದೂರದ ಸೋಮನಾಥಪುರವನ್ನು ಬೇರೊಂದು ಅರ್ಧ ದಿನದಲ್ಲಿ ನೋಡಬಹುದು. ಪೂಜೆಯಿಲ್ಲದ ಗುಡಿಯಾದುದರಿಂದ ಅಲ್ಲಿ ನಿಧಾನವಾಗಿ, ಮೌನವಾಗಿ ಶಿಲ್ಪ ನೋಡಲು ಸಾಧ್ಯ. ಒಂದನ್ನೇ ಆರಿಸಬೇಕಾದರೆ ಸೋಮನಾಥಪುರವನ್ನೇ ಆರಿಸಬಹುದು.

ಹಂಪೆಗೆ ಎರಡು ಪೂರ್ಣ ದಿನಗಳು ಬೇಕು, ಪ್ರಯಾಣ ಬೇರೆ. ಮೈಸೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೊಸಪೇಟೆಗೆ ಹೋಗುವುದು ಕಾರಿನ ಪ್ರಯಾಣಕ್ಕಿಂತ ಸುಖಕರ. ಹೊಸಪೇಟೆಯಿಂದ ಹಂಪೆ ಸುಮಾರು 13 ಕಿ.ಮೀ. ಹಂಪೆಯ ಕಲ್ಲಿನ ರಥವನ್ನು ಅತಿಥಿಗಳು ಆಗಲೇ ನೋಡಿರುತ್ತಾರೆ, 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ. ಪುರಾತತ್ತ್ವ ಇಲಾಖೆಯು 2018ರಲ್ಲಿ ನಿಗದಿಪಡಿಸಿದ ದರದಂತೆ ವಿಶ್ವ ಪರಂಪರೆಯ ಸ್ಮಾರಕಕ್ಕೆ ಭಾರತೀಯರಿಗೆ 40 ರೂಪಾಯಿ, ವಿದೇಶೀಯರಿಗೆ 600 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ವಿಠ್ಠಲ ದೇವಾಲಯ ಮತ್ತು ಕಮಲ ಮಹಲಿನ ಆವರಣಕ್ಕೆ ಒಂದೇ ಟಿಕೇಟು, ಆದರೆ ಅದೇ ದಿನಕ್ಕೆ ಮಾತ್ರ. ಎರಡನ್ನೂ ಒಂದೇ ದಿನದಲ್ಲಿ ಮುಗಿಸಿ, ವಿರೂಪಾಕ್ಷ ಗುಡಿ, ಹೇಮಕೂಟ, ಮಾತಂಗ ಬೆಟ್ಟಗಳನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡರೆ ಹನ್ನೆರಡು ಮಂದಿಯ ಗುಂಪಿಗೆ 7,200 ರೂಪಾಯಿ ಉಳಿಯುತ್ತದೆ. ಒಸಿಐ ಕಾರ್ಡುದಾರರಿಗೆ 2021ರ ಅಧಿಸೂಚನೆಯಂತೆ ಭಾರತೀಯರ ದರವೇ ಅನ್ವಯ. ಕಾರ್ಡು ಜೊತೆಗಿರಬೇಕು ಅಷ್ಟೆ. ಈ ದರಭೇದವನ್ನು ಮೊದಲೇ ತಿಳಿಸಿದರೆ ವಿದೇಶೀಯರು ಗೊಣಗುವುದಿಲ್ಲ. ಬಾಗಿಲಲ್ಲಿ ತಿಳಿದರೆ ಮೋಸವೆಂದುಕೊಳ್ಳುತ್ತಾರೆ.

ಬೈಲುಕುಪ್ಪೆಯ ಸುವರ್ಣ ದೇವಾಲಯವನ್ನು ಹಗಲಿನಲ್ಲಿ ಯಾರು ಬೇಕಾದರೂ ನೋಡಿ ಬರಬಹುದು. ಆದರೆ ಟಿಬೆಟನ್ ವಸಾಹತಿನೊಳಗೆ ವಿದೇಶೀಯರು ರಾತ್ರಿ ತಂಗಲು ಕೇಂದ್ರ ಸರ್ಕಾರದ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ಅದು ಕೂಡಲೇ ಸಿಗುವಂಥದ್ದಲ್ಲ. ಕೊಡಗಿಗೆ ಹೋಗುವವರು ದಾರಿಯಲ್ಲಿ ನೋಡಿಕೊಂಡು ಮುಂದೆ ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಉಳಿಯುವುದು ಸರಿ. ಊಟಿಗೆ ಹೊರಟವರು ಬಂಡೀಪುರದ ರಸ್ತೆಯು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆಂಬುದನ್ನು ಮರೆಯಬಾರದು. ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಂಬಿ ಕಾರ್ಯಕ್ರಮ ಹಾಕಿಕೊಳ್ಳುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಅವಶ್ಯ. ಹುಲಿ ದಾಳಿಗಳ ನಂತರ 2025ರ ನವೆಂಬರ್‌ನಲ್ಲಿ ಸಫಾರಿಯನ್ನು ಹಠಾತ್ತನೆ ನಿಲ್ಲಿಸಿದಾಗ ಮುಂಗಡ ಕೊಟ್ಟಿದ್ದವರು ಪೇಚಿಗೆ ಸಿಲುಕಿದರು.

ಖರೀದಿ: ಊರಿನ ಹೆಸರಿನ ಪ್ರಶ್ನೆ

ಮದುವೆಯ ಅತಿಥಿಯು ಸಾಮಾನ್ಯ ಪ್ರವಾಸಿಗಿಂತ ಧಾರಾಳವಾಗಿ ಕೊಳ್ಳುತ್ತಾನೆ, ಏಕೆಂದರೆ ಅವನಿಗೆ ಸೀರೆಯ, ಆಭರಣದ, ದೀಪದ ಬಳಕೆಯನ್ನು ಕಣ್ಣಾರೆ ಕಂಡ ನೆನಪಿರುತ್ತದೆ. ಭೌಗೋಳಿಕ ಗುರುತು ಪಡೆದ ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಬೀಟೆ ಮರದ ಕುಸುರಿ ಕೆಲಸ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ದಾರಿಯಲ್ಲಿನ ಚನ್ನಪಟ್ಟಣದ ಅರಗಿನ ಆಟಿಕೆ, ಇಷ್ಟೊಂದು ಸರಕು ಒಂದೇ ಸುತ್ತಳತೆಯಲ್ಲಿರುವ ಊರುಗಳು ದೇಶದಲ್ಲಿ ಹೆಚ್ಚಿಲ್ಲ. ಇದನ್ನು ಕೆಡಿಸುತ್ತಿರುವುದು ಕಮಿಷನ್ ಪದ್ಧತಿ. ಚಾಲಕನು ಅತಿಥಿಗಳನ್ನು ತನಗೆ ಪಾಲು ಕೊಡುವ ಅಂಗಡಿಗೇ ಕರೆದೊಯ್ಯುತ್ತಾನೆ, ಅಂಗಡಿಯವನು ಆ ಪಾಲನ್ನು ಬೆಲೆಗೆ ಸೇರಿಸುತ್ತಾನೆ, ಪವರ್‌ಲೂಮಿನ ಕೃತಕ ನೂಲಿನ ಸೀರೆ ಮೈಸೂರು ರೇಷ್ಮೆಯೆಂದು ಮಾರಾಟವಾಗುತ್ತದೆ. ಆ ದಿನ ಲಾಭವಾದುದು ಒಬ್ಬ ವರ್ತಕನಿಗೆ, ಹೆಸರು ಕೆಟ್ಟದ್ದು ಇಡೀ ಪೇಟೆಗೆ. ಮದುವೆಯ ಮನೆಯವರೇ ವರ್ತಕರಾಗಿರುವಾಗ ಅತಿಥಿಗಳೊಡನೆ ಮನೆಯ ಹೆಣ್ಣುಮಗಳೊಬ್ಬಳನ್ನು ಕಳುಹಿಸುವುದಕ್ಕೆ ಮಿಗಿಲಾದ ರಕ್ಷಣೆಯಿಲ್ಲ. ಶುದ್ಧ ರೇಷ್ಮೆಗೆ 2004ರಿಂದ ಇರುವ ‘ಸಿಲ್ಕ್ ಮಾರ್ಕ್’ ಚೀಟಿಯನ್ನು ನೋಡಿ ಕೊಳ್ಳುವಂತೆಯೂ ಹೇಳಬೇಕು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಸರ್ಕಾರಿ ಕಾರ್ಖಾನೆಯ ಮಳಿಗೆಯೂ ಊರಿನಲ್ಲಿಯೇ ಇದೆ.

ಗಡಿ ದಾಟುವಾಗ ತಡೆಹಿಡಿಯಲ್ಪಡುವ ವಸ್ತುಗಳ ಬಗ್ಗೆ ಅಂಗಡಿಕಾರರೂ ತಿಳಿದಿರಬೇಕು. ನೂರು ವರ್ಷ ಮೀರಿದ ಕಲಾವಸ್ತು ಮತ್ತು 75 ವರ್ಷ ಮೀರಿದ ಹಸ್ತಪ್ರತಿಗಳನ್ನು 1972ರ ಪುರಾವಸ್ತು ಕಾಯಿದೆಯಂತೆ ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಹೊಸ ಹಿತ್ತಾಳೆ ದೀಪವನ್ನು ‘ಅಜ್ಜನ ಕಾಲದ್ದು’ ಎಂದು ಬಣ್ಣಿಸಿ ಮಾರುವ ವ್ಯಾಪಾರಿಯು ತನ್ನ ಮಾತಿನಿಂದಲೇ ಗ್ರಾಹಕನನ್ನು ಸಂಕಟಕ್ಕೆ ನೂಕುತ್ತಾನೆ. ಹಳೆಯದರಂತೆ ಕಾಣುವ ವಸ್ತುವಿಗೆ ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಪುರಾತತ್ತ್ವ ಇಲಾಖೆಯಿಂದ ಪಡೆಯಲು ಅವಕಾಶವಿದೆ. ಬೀಟೆ ಮರವು 2017ರ ಜನವರಿಯಿಂದ ‘ಸೈಟಿಸ್’ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿದೆ. 2019ರ ತಿದ್ದುಪಡಿಯ ನಂತರ ಸಿದ್ಧ ವಸ್ತುಗಳಲ್ಲಿನ ಮರದ ತೂಕ 10 ಕಿಲೋಗ್ರಾಂ ಮೀರದಿದ್ದರೆ ಅದರ ಪರವಾನಗಿ ಬೇಕಿಲ್ಲವಾದುದರಿಂದ ಚಿತ್ರಫಲಕ, ಪೆಟ್ಟಿಗೆಗಳಿಗೆ ಅಡ್ಡಿಯಿಲ್ಲ. ಕುರ್ಚಿ, ಮೇಜುಗಳ ಮಾತು ಬೇರೆ. ಕುಸುರಿಯ ಬಿಳಿ ತುಣುಕುಗಳನ್ನು ಕಂಡು ಹೊರದೇಶದ ಸುಂಕದವರು ದಂತವೆಂದು ಶಂಕಿಸುವ ಸಂಭವವಿರುವುದರಿಂದ, ರಸೀದಿಯಲ್ಲಿ ಮರದ ಹೆಸರು, ತೂಕ ಮತ್ತು ಬಿಳಿ ಭಾಗ ಪ್ಲಾಸ್ಟಿಕ್ಕಿನದೆಂಬುದನ್ನು ಇಂಗ್ಲಿಷಿನಲ್ಲಿ ಬರೆದುಕೊಡುವ ರೂಢಿ ನಮ್ಮ ಅಂಗಡಿಗಳಲ್ಲಿ ಬರಬೇಕು. ಶ್ರೀಗಂಧದ ಕೊರಡು, ಚಕ್ಕೆಗಳನ್ನು ಬೀದಿಯಲ್ಲಿ ಕೊಳ್ಳಕೂಡದು. ಗಂಧದ ಕೆತ್ತನೆಗಳನ್ನು ಸರ್ಕಾರದ ಕಾವೇರಿ ಮಳಿಗೆಯಲ್ಲಿ ರಸೀದಿಯೊಡನೆ ಕೊಳ್ಳಬಹುದು. ನವಿಲುಗರಿಯನ್ನೂ ಒಯ್ಯುವಂತಿಲ್ಲ.

ಹಣ ಪಾವತಿಯೂ ಒಂದು ತಲೆನೋವೇ. ನಮ್ಮ ಸಣ್ಣ ಅಂಗಡಿಗಳು ಯುಪಿಐಗೆ ಎಷ್ಟು ಒಗ್ಗಿಹೋಗಿವೆಯೆಂದರೆ ಕಾರ್ಡಿನ ಯಂತ್ರವೂ ಇಲ್ಲ, 500 ರೂಪಾಯಿಗೆ ಚಿಲ್ಲರೆಯೂ ಇಲ್ಲ. ವಿದೇಶೀಯರ ಬಳಿ ಯುಪಿಐ ಇರುವುದಿಲ್ಲ. 2023ರ ಜಿ-20 ಸಭೆಗಳ ಕಾಲದಲ್ಲಿ ಅವರಿಗಾಗಿ ಮುಂಗಡ ಹಣ ತುಂಬುವ ಯುಪಿಐ ವ್ಯವಸ್ಥೆಯೊಂದು ಬಂದಿದೆಯಾದರೂ ಬಹುಮಂದಿ ಅದನ್ನು ಅರಿಯರು. ಆಗಮನದ ದಿನವೇ ಪ್ರತಿಯೊಬ್ಬರಿಗೂ ನೂರು, ಐವತ್ತು, ಇಪ್ಪತ್ತರ ನೋಟುಗಳ ಒಂದು ಲಕೋಟೆಯನ್ನು ಬದಲಿಸಿ ಕೊಡುವುದು ತಾಂಬೂಲಕ್ಕಿಂತ ಉಪಯುಕ್ತವಾದ ಉಪಚಾರ. ಅತಿಥಿಯೊಬ್ಬರು 5,000 ಡಾಲರಿಗಿಂತ ಹೆಚ್ಚಿನ ವಿದೇಶೀ ನೋಟುಗಳನ್ನು ತರುವುದಾದರೆ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು.

ಊಟ ಮತ್ತು ಆರೋಗ್ಯ

ಅಡುಗೆಯವರಿಗೆ ಖಾರ ಕಡಿಮೆ ಮಾಡಲು ಹೇಳುವುದು ಎಲ್ಲರಿಗೂ ತೋಚುತ್ತದೆ. ಅದಕ್ಕಿಂತ ಮುಖ್ಯವಾದುದು ಅಲರ್ಜಿ. ಕಡಲೆಕಾಯಿ, ಗೋಡಂಬಿಗಳಿಂದ ಪ್ರಾಣಾಪಾಯವಾಗುವವರು ಪಾಶ್ಚಾತ್ಯರಲ್ಲಿ ಅಪರೂಪವಲ್ಲ. ಚಿತ್ರಾನ್ನದಿಂದ ಪಾಯಸದವರೆಗೆ ನಮ್ಮ ಎಲೆಯ ಮೇಲೆ ಅವಿಲ್ಲದ ಪದಾರ್ಥವೇ ಕಡಿಮೆ. ಮೊದಲೇ ಕೇಳಿ ಬರೆದುಕೊಂಡು ಅಂಥವರಿಗೆ ಬೇರೆ ಬಡಿಸಬೇಕು. ಎಲೆಯ ಬಳಿ ಇಡುವ ಲೋಟದ ನೀರಿಗೆ ಬದಲಾಗಿ ಮುದ್ರೆಯೊಡೆಯದ ಬಾಟಲಿಯನ್ನಿಡುವುದು ಉತ್ತಮ. ಚಾಮುಂಡಿ ಬೆಟ್ಟದ ಕೋತಿಗಳಿಗೆ ತಿಂಡಿ ಕೊಡಲು ಹೋಗುವುದನ್ನು ಕಡ್ಡಾಯವಾಗಿ ತಡೆಯಬೇಕು. ಕೋತಿಯೋ ನಾಯಿಯೋ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ರೇಬೀಸ್ ಲಸಿಕೆಯ ವಿಷಯದಲ್ಲಿ ಮದುವೆಯ ಗಡಿಬಿಡಿ ನೆಪವಾಗದು.

ಹಿಂದಿರುಗುವ ದಿನ

ಪಾಸ್‌ಪೋರ್ಟು ಕಳೆದುಹೋದರೆ ಪೊಲೀಸ್ ದೂರು, ಆ ದೇಶದ ದೂತಾವಾಸದಿಂದ ತುರ್ತು ಪ್ರಯಾಣಪತ್ರ, ನಂತರ ವಿದೇಶೀಯರ ನೋಂದಣಿ ಕಚೇರಿಯಿಂದ ನಿರ್ಗಮನ ಪರವಾನಗಿ, ಈ ಕ್ರಮದಲ್ಲಿ ಹಲವು ದಿನಗಳು ಹಿಡಿಯುತ್ತವೆ. ಎಲ್ಲ ಅತಿಥಿಗಳ ಪಾಸ್‌ಪೋರ್ಟ್, ವೀಸಾಗಳ ಪ್ರತಿಯನ್ನು ಮೊದಲ ದಿನವೇ ತೆಗೆದಿರಿಸಿದ್ದರೆ ಅರ್ಧ ಕೆಲಸ ಆಗಿರುತ್ತದೆ. ವೀಸಾದ ಕೊನೆಯ ದಿನಾಂಕವನ್ನು ಹಿಂದಿರುಗುವ ಟಿಕೇಟಿನೊಡನೆ ಒಮ್ಮೆ ಹೋಲಿಸಿ ನೋಡಬೇಕು. ಒಂದು ದಿನ ಮೀರಿದರೂ ದಂಡ ತೆರಬೇಕಾಗಬಹುದು, ಮುಂದಿನ ವೀಸಾಕ್ಕೂ ತೊಡಕು.

ರಾತ್ರಿ 2 ಗಂಟೆಯ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಸಂಜೆಯ ಹೊತ್ತು ಬೆಂಗಳೂರನ್ನು ದಾಟುವ ತಡವನ್ನೂ ಊಟದ ನಿಲುಗಡೆಯನ್ನೂ ಲೆಕ್ಕ ಹಾಕಿದರೆ ಮೈಸೂರಿನಿಂದ ಸಂಜೆ 5ರ ಒಳಗೆ ಹೊರಡುವುದು ಸರಿಯಾದ ವೇಳೆ. ಮಾರನೆಯ ದಿನದ ಬೀಗರ ಔತಣಕ್ಕೆ ಇವರನ್ನು ನಿಲ್ಲಿಸಿಕೊಳ್ಳುವ ಆಸೆಯಿದ್ದರೆ ಅದನ್ನು ಟಿಕೇಟು ಕೊಳ್ಳುವ ಮೊದಲೇ ತಿಳಿಸಿರಬೇಕು.